ಮೂರು ವರ್ಷದಿಂದ ಕಂಪ್ಯೂಟರ್ ಮುಂದೆ

‘ಮಗಳು ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಕಡಿಮೆ ಇಂಧನದಲ್ಲಿ ಅಮೋನಿಯಾ ತಯಾರಿಸಲು ಹೊಸ ವೇಗವರ್ಧಕ ಹುಡುಕುವುದಂತೆ. ಲ್ಯಾಬಿಗೆ ಹೋಗುವುದೇ ಇಲ್ಲ, ಮೂರು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಇದರಿಂದ ನಮ್ಮ ತೋಟಕ್ಕೆ ಒಂದು ಹಿಡಿ ಯೂರಿಯಾ ಬರುತ್ತಾ?’
– ಓದುಗರೊಬ್ಬರು, ತೀರ್ಥಹಳ್ಳಿ

ಪ್ರೀತಿಯ ಮಿತ್ರರೇ,

ಪರದೆಯ ಮೇಲೆ ಗೆದ್ದ ವಸ್ತು ಕೊನೆಗೆ ಲ್ಯಾಬಿನಲ್ಲೂ ಗೆಲ್ಲಬೇಕು, ನಿಜ. ಅಷ್ಟು ಒಪ್ಪಿದೆ. ಉಳಿದದ್ದಕ್ಕೆಲ್ಲ ನಾನು ನಿಮ್ಮ ಮಗಳ ಕಡೆ.

ನಿಮ್ಮ ಯೂರಿಯಾ ಚೀಲದ ಕತೆ ಕೇಳಿ. ಯೂರಿಯಾ ಆಗುವುದು ಅಮೋನಿಯಾದಿಂದಲೇ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಬಹುದು ಅಂತ ಜರ್ಮನಿಯ ವಿಜ್ಞಾನಿ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿದರು. ಅದಕ್ಕೆ ವೇಗವರ್ಧಕ ಬೇಕು, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಆದರೆ ಅವರು ಬಳಸಿದ ಆಸ್ಮಿಯಂ ಲೋಹ ಸಿಗುವುದೇ ಅಪರೂಪ. ಅಗ್ಗದ ವಸ್ತು ಬೇಕಿತ್ತು. ಜರ್ಮನಿಯದೇ ಆದ ಬಿಎಎಸ್‌ಎಫ್ ಎಂಬ ರಾಸಾಯನಿಕ ಕಂಪನಿಯಲ್ಲಿ ಆಲ್ವಿನ್ ಮಿಟಾಷ್ ಮತ್ತು ಜೊತೆಗಾರರು ಸಾವಿರಾರು ಮಿಶ್ರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಗೆದ್ದಿದ್ದು ಕಬ್ಬಿಣ, ಜೊತೆಗೆ ಚೂರು ಅಲ್ಯುಮಿನಾ, ಚೂರು ಪೊಟ್ಯಾಷ್. ನೂರು ವರ್ಷ ದಾಟಿದರೂ ಅಮೋನಿಯಾ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಇರುವುದು ಕಬ್ಬಿಣವೇ. ಈಗಲೂ 400 ಡಿಗ್ರಿಗೂ ಜಾಸ್ತಿ ಕಾವು ಬೇಕು, ಗಾಳಿಯ ಒತ್ತಡದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು.

ಮಗಳ ಕೆಲಸ ಏನು ಗೊತ್ತಾ? ಅಡಿಕೆ ಕೊನೆ ತೆಗೆಯುವವರು ಮರ ಹತ್ತುವುದನ್ನು ನೋಡಿದ್ದೀರಿ. ಕಾಲಿನ ತಳೆ, ಅಂದರೆ ಪಾದಕ್ಕೆ ಸಿಕ್ಕಿಸಿದ ಬಳೆಯಂಥ ಕುಣಿಕೆ, ಮರವನ್ನು ಬಿಗಿಯಾಗಿ ಹಿಡಿಯಬೇಕು, ಮರುಕ್ಷಣ ಬಿಡಬೇಕು. ಹಿಡಿಯದಿದ್ದರೆ ಜಾರುತ್ತಾರೆ. ಬಿಡದಿದ್ದರೆ ಮೇಲೆ ಹೋಗುವುದೇ ಇಲ್ಲ. ವೇಗವರ್ಧಕ ಲೋಹದ ಮೈಯೂ ಹಾಗೇ. ಸಾರಜನಕವನ್ನು ಹಿಡಿದು ಒಡೆಯಬೇಕು, ಅಮೋನಿಯಾ ಆದ ಮೇಲೆ ಬಿಟ್ಟುಕೊಡಬೇಕು. ಯಾವ ಲೋಹದ ಹಿಡಿತ ಎಷ್ಟು ಅಂತ ಎಲೆಕ್ಟ್ರಾನುಗಳ ಲೆಕ್ಕ ಹಾಕಿ ಅಂದಾಜು ಮಾಡಬಹುದು. ಆ ಲೆಕ್ಕಕ್ಕೆ ದಾರಿ ಮಾಡಿದ ವಾಲ್ಟರ್ ಕೋನ್ ಅವರಿಗೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಮಿಟಾಷ್ ಒಂದೊಂದಾಗಿ ಕಾಯಿಸಿ ನೋಡಿದ್ದನ್ನು ನಿಮ್ಮ ಮಗಳು ಲೆಕ್ಕದಲ್ಲೇ ಸೋಸುತ್ತಾಳೆ. ಲ್ಯಾಬಿಗೆ ಹೋಗುವುದು ಸೋಸಿ ಉಳಿದ ನಾಲ್ಕೈದು ಮಾತ್ರ. ಇದು ಸುಮ್ನೆ ಕೂರುವುದಾ?

ನಮಗೆ ಬೆವರು ಕಂಡರೆ ಮಾತ್ರ ಕೆಲಸ. ನಾನು ಓದಿದ ಹೈಸ್ಕೂಲಿನಲ್ಲಿ ಪ್ರಯೋಗದ ಬೀರುವಿಗೆ ಬೀಗ ಇತ್ತು. ಗಾಜಿನಾಚೆ ಧೂಳು ಹಿಡಿದ ಪ್ರನಾಳಗಳು ಕಾಣುತ್ತಿದ್ದವು. ಇನ್ಸ್‌ಪೆಕ್ಷನ್ ದಿನ ಒರೆಸಿ, ಮತ್ತೆ ಬೀಗ. ಮೂರು ವರ್ಷದಲ್ಲಿ ಒಂದನ್ನೂ ಮುಟ್ಟಲಿಲ್ಲ. ಈಗ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಅಂದರೆ ಸಿಇಟಿ ಅಂಕ, ಅಷ್ಟೇ. ಇದನ್ನೆಲ್ಲ ದಾಟಿ ಒಬ್ಬಳು ಹುಡುಗಿ ಲೋಹದ ಮೈಯನ್ನು ಅಣು ಅಣುವಾಗಿ ನೋಡುತ್ತಿದ್ದರೆ, ಅಪ್ಪನಾದವರು ಯೂರಿಯಾ ಲೆಕ್ಕ ಕೇಳಬಹುದಾ?

ಮುಂದಿನ ಸಲ ಊರಿಗೆ ಬಂದಾಗ, ಮದುವೆ ಮಾತು ತೆಗೆಯುವ ಮೊದಲು, ಆ ಲ್ಯಾಪ್‌ಟಾಪ್ ತೋರಿಸು ಅನ್ನಿ. ತಳೆಯ ವಿಷಯ ಹೇಳಿ ನೋಡಿ. ಏನಂದಳು ಅಂತ ನನಗೆ ಬರೆಯಿರಿ.