‘ಇದು ನಿನಗೆ ಎಲ್ಲಿಂದ ಬಂತು?’: ಹರ್ಪಿಸ್ ರಕ್ತಪರೀಕ್ಷೆಯ ಒಂದು ಪ್ರಕರಣ

ನನ್ನ ಹತ್ತಿರ ಸಲಹೆ ಕೇಳಿ ಬಂದ ದಂಪತಿಯ ಕಥೆ ಇದು. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಜಾಗ ಬದಲಿಸಿದ್ದೇನೆ. ಗಂಡನಿಗೆ 34, ಹೆಂಡತಿಗೆ 28. ಉಡುಪಿ ಕಡೆಯವರು. ಗಂಡ ಮುಂಬೈ ಪಕ್ಕದ ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಯರ್. ಮನೆ ಡೊಂಬಿವಲಿಯಲ್ಲಿ, ಒಂದು ರೂಮು, ಒಂದು ಕಿಚನ್. ಜೊತೆಗೆ ಅತ್ತೆ ಇದ್ದಾರೆ.

ಎರಡು ಸಲ ಬಸುರಾಗಿ, ಎರಡೂ ಸಲ ಮೂರು ತಿಂಗಳೊಳಗೆ ಹೋಗಿತ್ತು. ಆಮೇಲೆ ಬರೆದುಕೊಟ್ಟ ಪರೀಕ್ಷೆಗಳಲ್ಲಿ ಟಾರ್ಚ್ ಪ್ಯಾನೆಲ್ ಕೂಡ ಇತ್ತು. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ, ಹರ್ಪಿಸ್ ಈ ಸೋಂಕುಗಳನ್ನೆಲ್ಲ ಒಟ್ಟಿಗೆ ನೋಡುವ ರಕ್ತಪರೀಕ್ಷೆ ಅದು. ಕೊನೆಯ ಸಾಲಿನಲ್ಲಿ ‘ಎಚ್‌ಎಸ್‌ವಿ 1+2 ಐಜಿಎಂ: 1.32’ ಎಂದು (ಎಚ್‌ಎಸ್‌ವಿ ಅಂದರೆ ಹರ್ಪಿಸ್ ವೈರಸ್) ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಪಾಸಿಟಿವ್. ಕೆಳಗೆ ಸಣ್ಣಕ್ಷರದಲ್ಲಿ, 0.9ಕ್ಕಿಂತ ಕಡಿಮೆಯಾದರೆ ನೆಗೆಟಿವ್, 1.1 ದಾಟಿದರೆ ಪಾಸಿಟಿವ್.

ಗಂಡ ಮೊಬೈಲಿನಲ್ಲಿ ಹುಡುಕಿದರು. ‘ಲೈಂಗಿಕ ರೋಗ’ ಎಂದು ಬಂತು. ‘ಇದು ನಿನಗೆ ಎಲ್ಲಿಂದ ಬಂತು ಅಂತ ಒಂದು ಸಲ ಕೇಳಿದರು ಮೇಡಂ. ಆಮೇಲೆ ಮಾತೇ ಇಲ್ಲ’ ಎಂದರು ಆಕೆ. ಮಗು ಹೋದ ದುಃಖದ ಮೇಲೆ ಇದೊಂದು. ಅತ್ತೆಗೆ ಗೊತ್ತಾಗಬಾರದೆಂದು ರಿಪೋರ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದರಂತೆ. ಮಡಚಿದ ಕಾಗದದಲ್ಲಿ ಅಕ್ಕಿಯ ಹುಡಿ ಇನ್ನೂ ಇತ್ತು.

ಮೊದಲು ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿದೆ. ಮನೆಯಲ್ಲಿ ಬೈಗುಳ, ಹೊಡೆತ ಏನಾದರೂ ಇದೆಯಾ ಎಂದು ಆಕೆಯನ್ನು ಕೇಳಿದೆ. ಇಲ್ಲ ಎಂದರು. ಗಂಡನೊಂದಿಗೆ ಮದುವೆಗೆ ಮುಂಚಿನ ವಿಷಯವೂ ಬಂತು. ಅದು ನನ್ನ ಹತ್ತಿರವೇ ಇರುತ್ತದೆ. ಇಂಥ ಪ್ರಕರಣದಲ್ಲಿ ನೇರವಾಗಿ ಇಬ್ಬರನ್ನೂ ಎದುರುಬದುರು ಕೂರಿಸಬಾರದು ಎಂದೇ ನನ್ನ ಅಭಿಪ್ರಾಯ.

ಆಮೇಲೆ ಇಬ್ಬರ ಮುಂದೆಯೂ ರಿಪೋರ್ಟ್ ಬಿಡಿಸಿಟ್ಟೆ. ಐಜಿಎಂ ಅಂದರೆ ಸೋಂಕು ತಗಲಿದಾಗ ರಕ್ತದಲ್ಲಿ ಮೊದಲು ಕಾಣಿಸಿಕೊಳ್ಳುವ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್. ಹಾಗಾಗಿ ಐಜಿಎಂ ಇದ್ದರೆ ಸೋಂಕು ಹೊಸದು ಎಂದು ಜನ ತಿಳಿಯುತ್ತಾರೆ. ಹರ್ಪಿಸ್ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಐಜಿಎಂ ಬರಬಹುದು. ಬೇರೆ ವೈರಸ್‌ನ ಪ್ರತಿಕಾಯಕ್ಕೂ ಕಿಟ್ ಪಾಸಿಟಿವ್ ತೋರಿಸಬಹುದು. ಹರ್ಪಿಸ್‌ನಲ್ಲಿ ಎರಡು ಬಗೆ: ಟೈಪ್ 1 ಹೆಚ್ಚಾಗಿ ಬಾಯಿಯ ಸುತ್ತ, ಟೈಪ್ 2 ಹೆಚ್ಚಾಗಿ ಗುಪ್ತಾಂಗದಲ್ಲಿ. ಯಾವುದೆಂದು ಇದು ಹೇಳುವುದೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹರ್ಪಿಸ್‌ಗೆ ಐಜಿಎಂ ಪರೀಕ್ಷೆ ಬೇಡ ಎಂದೇ ಹೇಳುತ್ತದೆ. ಪದೇ ಪದೇ ಗರ್ಭಪಾತವಾದಾಗ ಕಾರಣ ಹುಡುಕಲು ಟಾರ್ಚ್ ಉಪಯೋಗಕ್ಕೆ ಬರುವುದಿಲ್ಲ ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಕಾಲೇಜು 2011ರಲ್ಲೇ ಬರೆದಿದೆ. ನಮ್ಮಲ್ಲಿ ಮಾತ್ರ ಅಭ್ಯಾಸಬಲದಿಂದ ಬರೆಯುತ್ತಲೇ ಇದ್ದಾರೆ. ಅದರ ಬೆಲೆ ತೆರುವವರು ಇಂಥ ಹೆಣ್ಣುಮಕ್ಕಳು. ನನಗೆ ತುಂಬಾ ಸಂಕಟವಾಗುತ್ತದೆ.

‘ಜ್ವರ ಬಂದಾಗ ತುಟಿ ಹತ್ತಿರ ಗುಳ್ಳೆ ಏಳುತ್ತದಾ?’ ಎಂದು ಕೇಳಿದೆ. ಆಕೆ ತಟ್ಟನೆ, ‘ಇವರಿಗೆ ಆಗ್ತಿರುತ್ತೆ. ಅತ್ತೆ ಬೆಣ್ಣೆ ಹಚ್ಚುತ್ತಾರೆ’ ಎಂದರು. ಆ ಗುಳ್ಳೆಗೆ ಸಾಮಾನ್ಯವಾಗಿ ಟೈಪ್ 1 ಹರ್ಪಿಸ್ಸೇ ಕಾರಣ ಎಂದೆ. ಗಂಡ ತುಟಿ ಮುಟ್ಟಿ ನೋಡಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಜನರಿಗೆ ಟೈಪ್ 1 ಇದೆ. ಜಾಸ್ತಿ ಜನರಿಗೆ ಚಿಕ್ಕವರಿದ್ದಾಗಲೇ, ಮನೆಯವರ ಮುತ್ತಿನಿಂದ, ಎಂಜಲಿನಿಂದ ತಗಲಿರುತ್ತದೆ.

‘ಹಾಗಾದರೆ ಯಾವ ಟೆಸ್ಟ್ ಸರಿ?’ ಎಂದರು ಗಂಡ. ಗುಳ್ಳೆ ಅಥವಾ ಹುಣ್ಣು ಇದ್ದಾಗ, ಒಣಗುವ ಮೊದಲೇ, ಅದರ ದ್ರವವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಪಿಸಿಆರ್ (ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹುಣ್ಣೇ ಇಲ್ಲದವರಿಗೆ ಸುಮ್ನೆ ರಕ್ತಪರೀಕ್ಷೆ ಮಾಡುತ್ತಾ ಹೋಗಬಾರದು ಎಂದು ಅಮೆರಿಕದ ತಜ್ಞರ ಸಮಿತಿ 2016ರಲ್ಲೂ 2023ರಲ್ಲೂ ಹೇಳಿದೆ. ತೀರಾ ಬೇಕೆಂದರೆ ಟೈಪ್ 1, ಟೈಪ್ 2 ಬೇರೆ ಬೇರೆ ತೋರಿಸುವ ಐಜಿಜಿ (ಸೋಂಕಿನ ನಂತರ ಬಹುಕಾಲ ಉಳಿಯುವ ಪ್ರತಿಕಾಯ) ಪರೀಕ್ಷೆ ಮಾಡಿಸಬೇಕು. ಅದರಲ್ಲೂ ಎಚ್ಚರ ಬೇಕು. ಟೈಪ್ 2 ಅಂಕಿ 1.1ರಿಂದ 3ರೊಳಗೆ ಬಂದರೆ ಎಷ್ಟೋ ಸಲ ಅದು ಸುಳ್ಳು ಪಾಸಿಟಿವ್. ಬೇರೆ ವಿಧಾನದಿಂದ ಖಚಿತಪಡಿಸದೆ ನಂಬಬಾರದು. ಸೋಂಕು ತಗಲಿ 12 ವಾರ ಆಗದಿದ್ದರೆ ನೆಗೆಟಿವ್ ಬಂದರೂ ಭರವಸೆಯಿಲ್ಲ.

ಇನ್ನೊಂದನ್ನು ಒತ್ತಿ ಹೇಳಿದೆ. ‘ನಾಳೆ ಟೈಪ್ 2 ನಿಜವಾಗಿ ಇದೆ ಎಂದೇ ಬಂದರೂ, ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ. ಇರುವವರಲ್ಲಿ ಹೆಚ್ಚಿನವರಿಗೆ ಇದೆ ಎಂದೇ ಗೊತ್ತಿರುವುದಿಲ್ಲ. ಎಷ್ಟೋ ವರ್ಷ ಹಳೆಯದಿರಬಹುದು. ನಿಮ್ಮಿಂದಲೇ ಹೋಗಿರಬಹುದು. ಇದನ್ನು ಒಪ್ಪಿಕೊಂಡರೆ ಮಾತ್ರ ಟೆಸ್ಟ್ ಮಾಡಿಸಿ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಾಗಾದರೆ ಇಬ್ಬರೂ ಮಾಡಿಸುತ್ತೇವೆ, ಅವಳೊಬ್ಬಳೇ ಬೇಡ’ ಎಂದರು.

ಫಲಿತಾಂಶ ಬಂದಾಗ ಇಬ್ಬರಿಗೂ ಟೈಪ್ 1 ಪಾಸಿಟಿವ್, ಟೈಪ್ 2 ನೆಗೆಟಿವ್. ಗಂಡ ಹೆಂಡತಿಯ ಕಡೆ ತಿರುಗಿ, ‘ನಾನು ಹಾಗೆ ಕೇಳಬಾರದಿತ್ತು’ ಎಂದರು. ಆಕೆ ಕೂಡಲೇ ಉತ್ತರ ಕೊಡಲಿಲ್ಲ. ಕೊಡಲೇಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಕೊಟ್ಟ ಸಲಹೆ ಇಷ್ಟು. ತುಟಿಯಲ್ಲಿ ಗುಳ್ಳೆ ಇರುವಾಗ ಮುತ್ತು ಬೇಡ, ಬಾಯಿಯಿಂದ ಮಾಡುವ ಸಂಭೋಗವೂ ಬೇಡ. ಟೈಪ್ 1 ಆ ದಾರಿಯಲ್ಲಿ ಗುಪ್ತಾಂಗಕ್ಕೂ ತಗಲುತ್ತದೆ. ಹುಟ್ಟಿದ ಕೂಸಿಗಂತೂ ಗುಳ್ಳೆ ಇರುವವರು ಯಾರೂ ಮುತ್ತು ಕೊಡಬಾರದು, ಅಜ್ಜಿಯೂ ಸೇರಿ. ಮುಂದೆ ಬಸುರಾದಾಗ ಗುಪ್ತಾಂಗದಲ್ಲಿ ಹುಣ್ಣು ಕಂಡರೆ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಹೆರಿಗೆ ಹತ್ತಿರವಿದ್ದಾಗ ಮೊದಲ ಸಲ ಸೋಂಕು ತಗಲಿದರೆ ಮಗುವಿಗೆ ಅಪಾಯ ಜಾಸ್ತಿ. ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಇದೆ, ಬೇಕಾದರೆ ಸಿಸೇರಿಯನ್ ಇದೆ.

ಗರ್ಭ ನಿಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿತ್ತು. ಥೈರಾಯ್ಡ್, ಗರ್ಭಕೋಶದ ಸ್ಕ್ಯಾನ್, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಇವುಗಳ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ ಎಂದು ಚೀಟಿ ಬರೆದುಕೊಟ್ಟೆ. ಅತ್ತೆಗೆ ಹೇಳುವುದೋ ಬಿಡುವುದೋ ಅವರಿಬ್ಬರಿಗೇ ಬಿಟ್ಟೆ. ಇಂಥದ್ದೇ ರಿಪೋರ್ಟ್ ಹಿಡಿದು ಯಾರನ್ನು ಕೇಳುವುದೆಂದು ತಿಳಿಯದೆ ಕೂತವರು ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಬಹುದು. ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ 1097ಕ್ಕೆ ಫೋನ್ ಕೂಡ ಮಾಡಬಹುದು, ದುಡ್ಡಿಲ್ಲ.