ಆಲ್ಟರೇಷನ್ ಆಗಿರುವ ಸೆಕೆಂಡ್ ಹ್ಯಾಂಡ್ ಲಾರಿಗೆ ಎಫ್‌ಸಿ ಸಿಗುತ್ತಾ?

ಇದ್ದ ಹಾಗೇ ತಗೊಂಡು ಹೋದರೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಸಿಗುವುದಿಲ್ಲ, ಸಿಗಲೂಬಾರದು. ನೀವು ಬರೆದಿರುವ ಪ್ರಕಾರ ಅದು ಆರು ಚಕ್ರದ ಲಾರಿ. ಹಳೇ ಓನರ್ ಪಕ್ಕದ ಡೋರುಗಳ ಮೇಲೆ ಆ್ಯಂಗಲ್ ಕೂರಿಸಿ ಬಾಡಿ ಎತ್ತರಿಸಿದ್ದಾರೆ, ಹಿಂದೆ ಸ್ಪ್ರಿಂಗ್ ಪಟ್ಟಿ ಜಾಸ್ತಿ ಸೇರಿಸಿದ್ದಾರೆ, ಮುಂದೆ ಪೈಪಿನ ಗಾರ್ಡ್, ಏರ್ ಹಾರ್ನ್, ಕ್ಯಾಬಿನ್ ಸುತ್ತ ಬಣ್ಣದ ಲೈಟು, ಮತ್ತೆ ಹಿಂದಿನ ಗಾರ್ಡನ್ನು ಕತ್ತರಿಸಿ ತೆಗೆದಿದ್ದಾರೆ. ಮುಂದಿನ ತಿಂಗಳು ಎಫ್‌ಸಿ ಮುಗಿಯುತ್ತದೆ, ಎಲ್ಲ ಬಿಚ್ಚಬೇಕಾ, ಇಲ್ಲ ಬ್ರೋಕರ್ ಕೈಗೆ ಕೊಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ನನ್ನದೂ ಇದೇ ಲೈನು. ಸ್ವಂತ ಲಾರಿ ಇದೆ, ಅದರ ಎಫ್‌ಸಿ ನಾನೇ ನಿಂತು ಮಾಡಿಸುತ್ತೇನೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಗಾಡಿ ತಪಾಸಣೆ ಮಾಡುವ ಆರ್‌ಟಿಒ ಅಧಿಕಾರಿ, ಬರೀ ಗಾಡಿ ಚೆನ್ನಾಗಿ ಓಡುತ್ತಾ ಅಂತ ನೋಡುವುದಿಲ್ಲ. ಕಂಪನಿ ಕೊಟ್ಟ ಗಾಡಿ, ಆರ್‌ಸಿಯಲ್ಲಿ ಬರೆದಿರುವ ಗಾಡಿ, ಎದುರಿಗೆ ನಿಂತಿರುವ ಗಾಡಿ, ಈ ಮೂರೂ ಒಂದೇನಾ ಅಂತ ನೋಡುತ್ತಾರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುವುದೂ ಅದನ್ನೇ, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಬಾರದು. ಕೇರಳದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಳೇ ಓನರ್ ಮಾಡಿಸಿದ್ದು ಅಂತ ಹೇಳಿ ಪ್ರಯೋಜನ ಇಲ್ಲ, ಈಗ ಆರ್‌ಸಿ ನಿಮ್ಮ ಹೆಸರಲ್ಲಿದೆ ಅಲ್ವಾ.

ಹಿಂದಿನ ಗಾರ್ಡಿನಿಂದಲೇ ಶುರು ಮಾಡಿ. ಉಳಿದದ್ದೆಲ್ಲ ಆಮೇಲೆ. ಕ್ವಾರಿಗೆ ಹೋಗುವ ಗಾಡಿ, ಹೊಲದ ದಾರಿಗೆ ಇಳಿಯುವ ಗಾಡಿಗಳಲ್ಲಿ ಅದು ನೆಲಕ್ಕೆ ತಗಲುತ್ತದೆ ಅಂತ ಕತ್ತರಿಸುತ್ತಾರೆ, ಇಲ್ಲ ಮೇಲಕ್ಕೆ ಬಗ್ಗಿಸಿಬಿಡುತ್ತಾರೆ. ಲಾರಿ ರಾತ್ರಿ ಪಕ್ಕಕ್ಕೆ ನಿಂತಿದೆ, ಹಿಂದಿನಿಂದ ಬೈಕೋ ಕಾರೋ ಬಂದು ಗುದ್ದಿತು ಅಂದುಕೊಳ್ಳಿ. ಗಾರ್ಡ್ ಇದ್ದರೆ ಕಾರಿನ ಬಂಪರ್, ಇಂಜಿನ್ ಭಾಗ ಅದಕ್ಕೆ ಬಡಿದು ನಿಲ್ಲುತ್ತದೆ. ಇಲ್ಲದಿದ್ದರೆ ಬಾನೆಟ್ ಸೀದಾ ಲಾರಿ ಅಡಿಗೆ ನುಗ್ಗುತ್ತದೆ, ಲಾರಿಯ ಬಾಡಿ ಅಂಚು ಒಳಗೆ ಕೂತವರ ಮುಖದ ಎತ್ತರಕ್ಕೆ ಬರುತ್ತದೆ. ಏರ್‌ಬ್ಯಾಗ್ ಇದ್ದರೂ ಆಗ ಏನೂ ಉಪಯೋಗ ಇಲ್ಲ. ಇದನ್ನು ಹೈವೇಯಲ್ಲಿ ಕಣ್ಣಾರೆ ನೋಡಿದವರು ಆ ಗಾರ್ಡಿಗೆ ಗ್ಯಾಸ್ ಕಟರ್ ಇಡುವುದಿಲ್ಲ.

ಹೊಸದು ಹಾಕಿಸುವಾಗ ಟೇಪ್ ಹಿಡಿದು ನೀವೇ ಅಳೆಯಿರಿ. ಖಾಲಿ ಗಾಡಿಯಲ್ಲಿ ಗಾರ್ಡಿನ ಕೆಳಗಿನ ಅಂಚು ನೆಲದಿಂದ 550 ಮಿಲಿಮೀಟರ್‌ಗಿಂತ ಮೇಲಿರಬಾರದು, ಅಂದರೆ ಮೊಣಕಾಲಿನ ಆಸುಪಾಸು. ಅಗಲ ಹಿಂದಿನ ಆಕ್ಸಲ್‌ಗಿಂತ ಹೊರಗೆ ಚಾಚಬಾರದು, ಹಾಗಂತ ಎರಡೂ ಕಡೆ 100 ಮಿಲಿಮೀಟರ್‌ಗಿಂತ ಜಾಸ್ತಿ ಒಳಗೂ ಇರಬಾರದು. ಸುಮ್ನೆ ತೆಳು ಪೈಪ್ ತಂದು ಎರಡು ಕಡೆ ಚುಕ್ಕಿ ವೆಲ್ಡಿಂಗ್ ಹಾಕಿಸಿದರೆ ನೋಡುವುದಕ್ಕೆ ಗಾರ್ಡ್ ಥರ ಇರುತ್ತದೆ ಅಷ್ಟೇ, ಒಂದು ಬೈಕ್ ಗುದ್ದಿದರೂ ಮಡಚಿಕೊಳ್ಳುತ್ತದೆ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ಗಾರ್ಡ್ ಸಿಗುತ್ತದೆ, ಬೋಲ್ಟ್ ಹಾಕಿ ಚಾಸಿಸ್‌ಗೆ ಕೂರಿಸುವಂಥದ್ದು. ಅದನ್ನೇ ತಗೊಳ್ಳಿ. ಹಾಗೇ ಪಕ್ಕದ ಗಾರ್ಡ್ ಎರಡೂ ಕಡೆ ಇದೆಯಾ ನೋಡಿಕೊಳ್ಳಿ.

ಪಟ್ಟಿ ವಿಷಯ. ಪಟ್ಟಿ ಸೇರಿಸಿದರೆ ಲೋಡ್ ಜಾಸ್ತಿ ಹಾಕಬಹುದು ಅಂತ ಎಲ್ಲರೂ ನಂಬಿದ್ದಾರೆ. ಗಾಡಿ ಕೂರುವುದಿಲ್ಲ, ನಿಜ. ಆದರೆ ಆಕ್ಸಲ್ ಅದೇ, ಬ್ರೇಕ್ ಡ್ರಮ್ ಅದೇ, ಟೈರ್ ಅದೇ. ಆರ್‌ಸಿಯಲ್ಲಿ ಇರುವ ಒಟ್ಟು ತೂಕವೂ ಅದೇ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು, ಆದರೆ ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ಆರ್‌ಸಿಯಲ್ಲಿ ಏನು ನಮೂದಾಗಿದೆಯೋ ಅದು ಮಾತ್ರ. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ಕಡ್ಡಿಗೆ ಜೋಡಿಸಿದ ವಾಲ್ವ್ ಇದೆಯಾ ನೋಡಿ, ಅದಕ್ಕೆ ಎಲ್‌ಎಸ್‌ವಿ ಅನ್ನುತ್ತಾರೆ. ಪಟ್ಟಿ ಎಷ್ಟು ಬಗ್ಗಿದೆ ಅನ್ನುವುದರ ಮೇಲೆ ಲೋಡ್ ಎಷ್ಟಿದೆ ಅಂತ ಅದು ತಿಳಿದುಕೊಂಡು ಹಿಂದಿನ ಬ್ರೇಕಿಗೆ ಗಾಳಿ ಬಿಡುತ್ತದೆ. ಪಟ್ಟಿ ಜಾಸ್ತಿಯಾದರೆ ತುಂಬಿದ ಗಾಡಿಯಲ್ಲೂ ಅದು ಬಗ್ಗುವುದಿಲ್ಲ, ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತದೆ. ಚಾರ್ಮಾಡಿ, ಶಿರಾಡಿ ಥರದ ಘಾಟಿಯಲ್ಲಿ ಲೋಡ್ ಹೊತ್ತು ಇಳಿದು ಬರುವವರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿ ಎಷ್ಟು ಪಟ್ಟಿ ಕೊಟ್ಟಿದೆಯೋ ಅಷ್ಟೇ ಉಳಿಸಿ, ಬಿಚ್ಚಿಸಿದ ಮೇಲೆ ಆ ವಾಲ್ವ್ ಸೆಟ್ಟಿಂಗನ್ನೂ ಸರಿ ಮಾಡಿಸಿ.

ಬಾಡಿ ಎತ್ತರಿಸಿರುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಗಾಡಿ ಖಾಲಿ ಮಾಡಿ ಹತ್ತಿರದ ವೇಬ್ರಿಡ್ಜ್‌ಗೆ ಹತ್ತಿಸಿ, ಬಂದ ತೂಕವನ್ನು ಆರ್‌ಸಿಯಲ್ಲಿರುವ ಖಾಲಿ ತೂಕದ ಜೊತೆ ಹೋಲಿಸಿ. ಆ್ಯಂಗಲ್, ಶೀಟು, ಗಾರ್ಡು ಅಂತ ಹಾಕುತ್ತಾ ಹೋದರೆ ಕಬ್ಬಿಣದ ತೂಕವೇ ಎಷ್ಟೋ ಸೇರಿರುತ್ತದೆ, ಅಷ್ಟು ಲೋಡನ್ನು ನೀವು ಬಾಡಿಗೆ ಇಲ್ಲದೆ ದಿನಾ ಹೊತ್ತುಕೊಂಡು ಓಡಾಡುತ್ತಿದ್ದೀರಿ. ನಿಮ್ಮದು ಹುಲ್ಲು, ತೆಂಗಿನ ನಾರು, ಖಾಲಿ ಕ್ರೇಟು ಥರದ ಹಗುರ ಮಾಲಾಗಿದ್ದು ಎತ್ತರದ ಬಾಡಿ ನಿಜಕ್ಕೂ ಬೇಕು ಅಂದರೆ, ಈಗಿರುವುದನ್ನು ತೆಗೆಸಿ ಎಫ್‌ಸಿ ಮುಗಿಸಿಕೊಂಡು, ಆಮೇಲೆ ಆರ್‌ಟಿಒಗೆ ಅರ್ಜಿ ಕೊಟ್ಟು ಕೇಳಿ. ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ವೆಲ್ಡರ್ ಹತ್ತಿರ ಹೋಗಬೇಕು, ಕೆಲಸ ಮುಗಿದ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಏನೇ ಮಾಡಿದರೂ ಅಗಲ 2.6 ಮೀಟರ್, ಎತ್ತರ 4 ಮೀಟರ್ ದಾಟುವ ಹಾಗಿಲ್ಲ.

ಮುಂದಿನ ಪೈಪ್ ಗಾರ್ಡ್ ತೆಗೆದುಬಿಡಿ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಸೆಕ್ಷನ್ 52ರ ಉಲ್ಲಂಘನೆ ಅಂತ ಎಲ್ಲ ರಾಜ್ಯಗಳಿಗೂ ಬರೆದಿದೆ. ರಾಗ ಹಾಡುವ ಏರ್ ಹಾರ್ನ್, ಬಣ್ಣದ ಲೈಟು, ಮುಖ್ಯವಾಗಿ ಮುಂದಕ್ಕೆ ಕಾಣುವ ಕೆಂಪು ಲೈಟು, ಇದೆಲ್ಲ ಅರ್ಧ ದಿನದ ಕೆಲಸ. ತಂತಿ ಸುಮ್ನೆ ಕತ್ತರಿಸಿ ನೇತಾಡಲು ಬಿಡಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ಬುಡದಿಂದ ತೆಗೆಸಿ.

ಬೆಳಕು ಬಿದ್ದರೆ ಹೊಳೆಯುವ ರೇಡಿಯಂ ಟೇಪ್ ಹೊಸದಾಗಿ ಅಂಟಿಸಿ. ಮುಂದೆ ಬಿಳಿ, ಪಕ್ಕ ಹಳದಿ, ಹಿಂದೆ ಕೆಂಪು. ಧೂಳು ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಅಂಟಿಸಿದರೆ ಮಳೆಗಾಲ ದಾಟುತ್ತದೆ. ಟೈರಿನ ಗೆರೆಗಳ ಆಳ 1.6 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು. ಸ್ಪೀಡ್ ಗವರ್ನರ್ 80ಕ್ಕೆ ಸೆಟ್ ಆಗಿ ಕೆಲಸ ಮಾಡುತ್ತಿರಬೇಕು. ಇನ್ಶೂರೆನ್ಸ್, ಎಮಿಷನ್, ಟ್ಯಾಕ್ಸ್, ಪರ್ಮಿಟ್ ಇವೆಲ್ಲ ಚಾಲ್ತಿಯಲ್ಲಿವೆಯಾ, ಹಳೇ ಓನರ್ ಕಾಲದ ಚಲನ್ ಏನಾದರೂ ಬಾಕಿ ಇದೆಯಾ ಅಂತ ಪರಿವಾಹನ್ ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ.

ಚಾಸಿಸ್ ನಂಬರಿಗೆ ಮಾತ್ರ ಸ್ವಲ್ಪ ಸಮಯ ಕೊಡಿ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಮಾರುವ ಮುಂಚೆ ಚಾಸಿಸ್‌ಗೆ ಕಪ್ಪು ಪೇಂಟ್ ಬಳಿದಿರುತ್ತಾರೆ, ನಂಬರ್ ಅದರ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಇನ್‌ಸ್ಪೆಕ್ಟರ್ ಎದುರಿಗೆ ಹುಡುಕುತ್ತಾ ನಿಂತರೆ ಸುಮ್ನೆ ಅನುಮಾನ ಹುಟ್ಟುತ್ತದೆ. ಹಿಂದಿನ ದಿನವೇ ಥಿನ್ನರ್‌ನಲ್ಲಿ ಬಟ್ಟೆ ನೆನೆಸಿ ಒರೆಸಿ, ಹಳೇ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ಅಕ್ಷರದ ಕೊರೆತದೊಳಗೆ ಕೂತ ಪೇಂಟ್ ಬಿಟ್ಟ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಓಡಿಸಿ ಪ್ರಿಂಟ್ ತೆಗೆದು ನೋಡಿ, ಒಂದೊಂದು ಅಕ್ಷರವೂ ಆರ್‌ಸಿಗೆ ತಾಳೆಯಾಗಬೇಕು. ಗ್ರೈಂಡರ್ ಮಾತ್ರ ಹತ್ತಿರಕ್ಕೂ ತರಬೇಡಿ. ನಂಬರ್ ಸವೆದರೆ ಅದು ಎಫ್‌ಸಿ ವಿಷಯವಾಗಿ ಉಳಿಯುವುದಿಲ್ಲ, ಕದ್ದ ಗಾಡಿನಾ ಅನ್ನುವ ಪ್ರಶ್ನೆಯಾಗುತ್ತದೆ.

ಬ್ರೋಕರ್ ಬಗ್ಗೆ ಕೇಳಿದ್ದೀರಿ. ಅರ್ಜಿ ತುಂಬಲು, ಸ್ಲಾಟ್ ಹಾಕಲು ಯಾರ ಸಹಾಯ ಬೇಕಾದರೂ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಆದರೆ "ಒಂದು ದಿನಕ್ಕೆ ಬಾಡಿಗೆ ಗಾರ್ಡ್ ಕಟ್ಟೋಣ, ಸಂಜೆ ಬಿಚ್ಚಿ ವಾಪಸ್ ಕೊಡೋಣ" ಅನ್ನುವವರೂ ಸಿಗುತ್ತಾರೆ. ನನಗೂ ಒಬ್ಬರು ಹಾಗೇ ಹೇಳಿದ್ದರು, ನಾನು ಒಪ್ಪಲಿಲ್ಲ. ಆ ದಿನ ಪಾಸ್ ಆಗಬಹುದು. ಆಮೇಲೆ ಆಕ್ಸಿಡೆಂಟ್ ಆಗಿ ಕ್ಲೇಮಿಗೆ ಹೋದಾಗ ಸರ್ವೇಯರ್ ಫೋಟೋ ತೆಗೆಯುತ್ತಾನಲ್ಲ, ಅದರಲ್ಲಿ ಗಾರ್ಡ್ ಇರುವುದಿಲ್ಲ, ಬಾಡಿ ಎತ್ತರ ಇರುತ್ತದೆ. ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯಲು ಅಷ್ಟು ಸಾಕು, ಆಮೇಲೆ ಕೋರ್ಟು ಕಚೇರಿ ಅಂತ ಅಲೆಯುವವರು ನೀವೇ.

ಎಫ್‌ಸಿ ಮುಗಿಯುವ ದಿನದವರೆಗೂ ಕಾಯಬೇಡಿ. ವೆಲ್ಡಿಂಗ್, ಪಟ್ಟಿ ಕೆಲಸ ಈ ವಾರವೇ ಮುಗಿಸಿ, ಎರಡು ವಾರ ಇರುವಾಗಲೇ ಗಾಡಿ ತೋರಿಸಿದರೆ, ಏನಾದರೂ ಕೊರತೆ ಬಂದರೂ ಸರಿ ಮಾಡಿಸಿಕೊಂಡು ಮತ್ತೆ ಹೋಗಲು ಟೈಮ್ ಇರುತ್ತದೆ. ರಿಜೆಕ್ಟ್ ಮಾಡಿದರೆ ಬೇಜಾರು ಮಾಡಿಕೊಂಡು ವಾಪಸ್ ಬರಬೇಡಿ, ಕಾರಣವನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಸೆಕ್ಷನ್ 56ರ ಪ್ರಕಾರ ಅವರು ಕೊಡಲೇಬೇಕು. ಆ ಚೀಟಿಯಲ್ಲಿ ಬರೆದಷ್ಟನ್ನು ಸರಿ ಮಾಡಿಸಿದರೆ ಆಯಿತು, ಬಾಯಿಮಾತಿನ ಮೇಲೆ ಅದು ಇದು ಅಂತ ದುಡ್ಡು ಸುರಿಯುವುದು ತಪ್ಪುತ್ತದೆ. ಗಾಡಿ ಯಾವ ಮಾಡೆಲ್, ವೇಬ್ರಿಡ್ಜ್‌ನಲ್ಲಿ ಖಾಲಿ ತೂಕ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ಬಾಡಿಯಲ್ಲಿ ಎಷ್ಟು ತೆಗೆಸಬೇಕಾಗಬಹುದು ಅಂತ ನೋಡಿ ಹೇಳುತ್ತೇನೆ.