ಕೆಲಸ ಬಿಟ್ಟು ದೇವರ ಸೇವೆಗೆ ಹೋಗಲಾ?

ಪ್ರಶ್ನೆ: ನನಗೆ 41 ವರ್ಷ. ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ಗಂಡ ಕುವೈತಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಬರುತ್ತಾರೆ. ಮಗಳು ಪಿಯುಸಿ, ಮಗ ಏಳನೇ ಕ್ಲಾಸು. ಅತ್ತೆಗೆ ಶುಗರ್, ಮೊಣಕಾಲು ನೋವು. ಅವರನ್ನು ನೋಡಿಕೊಳ್ಳುವುದೂ ನಾನೇ. ಮನೆ ಸಾಲ ಇನ್ನೂ ಒಂಬತ್ತು ವರ್ಷ ಕಟ್ಟಲಿಕ್ಕಿದೆ. ಗಂಡನ ಕಂಪೆನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಅಂತ ಸುದ್ದಿ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕುತ್ತಾ ಕೂರುತ್ತೇನೆ. ನಾಲ್ಕೈದು ತಿಂಗಳಿಂದ ಇದೇ ಕತೆ. ಗಂಡನಿಗೆ ಹೇಳಿದರೆ ಅಲ್ಲಿ ಅವರಿಗೂ ಮಂಡೆಬಿಸಿ ಅಂತ ಹೇಳಿಲ್ಲ.

ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಗುರುವಾರ ಬಿಕರ್ನಕಟ್ಟೆಯ ಬಾಲಯೇಸುವಿನ ಹತ್ತಿರ ಹೋಗುತ್ತೇನೆ. ಚರ್ಚಿನ ಗಾಯನ ಮಂಡಳಿಯಲ್ಲಿದ್ದೇನೆ, ವಾರ್ಡಿನ ಕೆಲಸ ಇದೆ, ಪ್ರಾರ್ಥನಾ ಕೂಟವೂ ಇದೆ. ಆದರೂ ಒಳಗೆ ಖಾಲಿ ಖಾಲಿ. ಚರ್ಚಿನ ಒಂದು ಧ್ಯಾನ ಶಿಬಿರದಲ್ಲಿ, ಅಂದರೆ ರಿಟ್ರೀಟ್‌ನಲ್ಲಿ, ಒಬ್ಬರು ಒಳ್ಳೆ ಸಂಬಳದ ಕೆಲಸ ಬಿಟ್ಟು ಪೂರ್ತಿ ದೇವರ ಸೇವೆಗೆ ಬಂದದ್ದನ್ನು ಹೇಳಿದರು. ಅವತ್ತಿನಿಂದ ನನ್ನ ಬದುಕು ಸುಮ್ನೆ ಹಾಳಾಗುತ್ತಿದೆ ಅನ್ನಿಸುತ್ತಿದೆ. ದಿನವಿಡೀ ನೋಟು ಎಣಿಸುವುದು, ಫಾರಂ ನೋಡುವುದು. ಪೆನ್ಶನ್‌ನ ಅಜ್ಜ ಒಬ್ಬರು ಬರುತ್ತಾರೆ, ಬೇರೆ ಕೌಂಟರ್ ಖಾಲಿ ಇದ್ದರೂ ನನ್ನ ಲೈನಿನಲ್ಲೇ ನಿಲ್ಲುತ್ತಾರೆ. ಅವರಿಗೇ ಅಷ್ಟು ಹೊತ್ತು ಹೋಗುತ್ತದೆ. ಇದಕ್ಕಾ ದೇವರು ನನ್ನನ್ನು ಹುಟ್ಟಿಸಿದ್ದು? ಕೂಟದ ಆಂಟಿ ಒಬ್ಬರು, ವಿಶ್ವಾಸ ಇದ್ದವರಿಗೆ ಚಿಂತೆ ಬರುವುದೇ ಇಲ್ಲ ಅಂದರು. ಹಾಗಾದರೆ ನನ್ನಲ್ಲಿ ವಿಶ್ವಾಸವೇ ಇಲ್ಲವಾ? ಕೆಲಸ ಬಿಟ್ಟು ಸೇವೆಗೆ ಹೋಗಲಾ?

ಹೆಸರು ಬೇಡ, ಮಂಗಳೂರು

ಉತ್ತರ: ಪ್ರೀತಿಯ ಸಹೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಲಸ ಬಿಡಬೇಡಿ. ಈಗಂತೂ ಬೇಡವೇ ಬೇಡ. ರಾಜೀನಾಮೆ ಬರೆದಿಟ್ಟಿದ್ದರೆ ಕಪಾಟಿನೊಳಗೆ ಹಾಕಿ ಬೀಗ ಹಾಕಿ.

ಬರೀ ಸಾಲದ ಕಂತು ನೋಡಿ ಹೇಳುವ ಮಾತಲ್ಲ ಇದು. ನಿಮ್ಮ ಕೆಥೊಲಿಕ್ ಪರಂಪರೆಯಲ್ಲೇ ಇದಕ್ಕೆ ಹಳೆಯ ನಿಯಮ ಒಂದಿದೆ. ಲೈಟ್‌ಹೌಸ್ ಗುಡ್ಡೆಯ ಅಲೋಶಿಯಸ್ ಕಾಲೇಜು ಗೊತ್ತಲ್ಲ, 1880ರಲ್ಲಿ ಅದನ್ನು ಶುರು ಮಾಡಿದ್ದು ಜೆಸುಯಿಟ್ ಸಂಘದ ಪಾದ್ರಿಗಳು. ಆ ಸಂಘ ಕಟ್ಟಿದವರು ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಬದುಕಿನ ದಿಕ್ಕೇ ಬದಲಾಯಿತು. ಆಮೇಲೆ ಎಲ್ಲ ಬಿಟ್ಟು ದೇವರ ದಾರಿ ಹಿಡಿದರು. ಅಂಥವರೇ ಬರೆದಿಟ್ಟ ನಿಯಮ ಏನು ಗೊತ್ತಾ? ಮನಸ್ಸು ಒಣಗಿ, ಕತ್ತಲೆ ಕವಿದು, ದೇವರು ದೂರ ಹೋದ ಹಾಗೆ ಅನ್ನಿಸುವಾಗ ಯಾವ ದೊಡ್ಡ ಬದಲಾವಣೆಯನ್ನೂ ಮಾಡಬಾರದು. ಮನಸ್ಸು ತಿಳಿಯಾಗಿದ್ದಾಗ ಏನು ತೀರ್ಮಾನ ಮಾಡಿದ್ದೀರೋ ಅದನ್ನೇ ಹಿಡಿದುಕೊಂಡಿರಬೇಕು.

ನಿಮ್ಮ ಮನಸ್ಸು ಈಗ ತಿಳಿಯಾಗಿಲ್ಲ. ಅಷ್ಟು ತಿಂಗಳು ನಿದ್ದೆಗೆಟ್ಟರೆ ಯಾರದ್ದೂ ಇರುವುದಿಲ್ಲ. ಈ ಸ್ಥಿತಿಯಲ್ಲಿ ಕೇಳಿಸಿದ ಕರೆ ದೇವರದ್ದಾ, ಸುಸ್ತಾದ ಮೈ ಎಲ್ಲಾದರೂ ಓಡಿಹೋಗೋಣ ಅಂತ ಹೇಳುವುದಾ, ಗೊತ್ತಾಗುವುದು ಕಷ್ಟ.

ರಿಟ್ರೀಟ್‌ನಲ್ಲಿ ಮಾತಾಡಿದವರ ಸಾಕ್ಷ್ಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಬಂದ ಕರೆ ನಿಜವೇ ಇರಬಹುದು. ಆದರೆ ಒಂದು ಗಮನಿಸಿ. ಮೈಕ್ ಸಿಗುವುದು ಯಾವಾಗಲೂ ಕೆಲಸ ಬಿಟ್ಟವರಿಗೆ. ಕೆಲಸ ಬಿಡದೆ ಸಾಲ ತೀರಿಸಿ, ಅತ್ತೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟು, ಮಕ್ಕಳನ್ನು ಓದಿಸಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ.

ಇನ್ನು ಕೂಟದ ಆಂಟಿ. ಪತ್ರ ಓದುವಾಗ ನನಗೆ ಸಿಟ್ಟು ಬಂದದ್ದು ಇಲ್ಲೇ. ಕಂಗೆಟ್ಟವರ ಮೇಲೆ ಇನ್ನೊಂದು ಹೊರೆ ಹೇರುವ ಮಾತು ಅದು. ಚಿಂತೆಯ ಜೊತೆಗೆ ಈಗ ಚಿಂತೆ ಮಾಡಿದ ಪಾಪವೂ ಸೇರಿತು, ಅಲ್ವಾ? ಆ ಆಂಟಿಗೆ ಬೈಬಲ್‌ನ ಎರಡು ಪುಟ ತೆಗೆದು ತೋರಿಸಬೇಕು ಅನ್ನಿಸಿತು. ಮೊದಲನೆಯದು ಯೇಸು ಸೆರೆಸಿಕ್ಕ ರಾತ್ರಿಯ ಗೆತ್ಸೆಮನೆ ತೋಟ. ಪ್ರಾಣ ಹೋಗುವಷ್ಟು ದುಃಖವಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಶಿಷ್ಯರ ಹತ್ತಿರ ಯೇಸುವೇ ಕೇಳಿಕೊಂಡ. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಎರಡನೆಯದು ಸಂತ ಪೌಲನ ಪತ್ರಗಳು. ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಫಿಲಿಪ್ಪಿಯವರಿಗೆ ಸೆರೆಯಲ್ಲಿ ಕೂತು ಬರೆದವನು ಅವನೇ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿ, ಎಲ್ಲ ಸಭೆಗಳ ಚಿಂತೆ ದಿನವೂ ನನ್ನ ಮೇಲಿದೆ ಅಂತ ಹೇಳಿಕೊಂಡವನೂ ಅವನೇ. ಪೌಲನಿಗೆ ವಿಶ್ವಾಸ ಇರಲಿಲ್ಲ ಅಂತ ಆಂಟಿ ಹೇಳುತ್ತಾರಾ?

ವಿಶ್ವಾಸ ಇದ್ದವರಿಗೂ ಚಿಂತೆ ಬರುತ್ತದೆ. ಬಂದ ಚಿಂತೆಯನ್ನು ಎಲ್ಲಿ ಇಡಬೇಕು ಅನ್ನುವುದಷ್ಟೇ ಪ್ರಶ್ನೆ.

ಅದಕ್ಕೂ ಮೊದಲು ನಿಮ್ಮ ಮೈಯ ವಿಚಾರ. ಬೈಬಲ್‌ನ ಅರಸುಗಳು ಮೊದಲನೇ ಪುಸ್ತಕದ 19ನೇ ಅಧ್ಯಾಯ ಇವತ್ತು ಒಮ್ಮೆ ಓದಿ. ಎಲೀಯ ದೊಡ್ಡ ಪ್ರವಾದಿ. ರಾಣಿ ಈಜೆಬೆಲ್ ಜೀವ ತೆಗೆಯುತ್ತೇನೆ ಅಂದಾಗ ಓಡಿಹೋಗಿ ಕಾಡಿನಲ್ಲಿ ಒಂದು ಗಿಡದ ಬುಡದಲ್ಲಿ ಬಿದ್ದುಕೊಂಡ. ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂದ. ಆಗ ದೇವರು ಅವನಿಗೆ ಬೋಧನೆ ಮಾಡಲಿಲ್ಲ. ನಿನ್ನ ಬದುಕಿನ ಉದ್ದೇಶ ಏನು ಅಂತ ಕೇಳಲೂ ಇಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಎಲೀಯಾ, ಇಲ್ಲಿ ಏನು ಮಾಡುತ್ತಿದ್ದೀ ಅನ್ನುವ ಪ್ರಶ್ನೆ ಬಂದದ್ದು ಆಮೇಲೆ, ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ನೀವು ಇನ್ನೂ ಗಿಡದ ಬುಡದಲ್ಲೇ ಇದ್ದೀರಿ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಹೋಗಿ. ನಿದ್ದೆ ಬಾರದ್ದು, ಒಳಗೆ ಖಾಲಿ ಅನ್ನಿಸುವುದು, ಎಲ್ಲ ಬಿಡಿಸಿ ಹೇಳಿ. ಥೈರಾಯ್ಡ್, ರಕ್ತ ಕಡಿಮೆ ಇರುವುದು, ನಿಮ್ಮ ವಯಸ್ಸಿನ ಹಾರ್ಮೋನ್ ಏರುಪೇರು, ಇವೂ ನಿದ್ದೆ ಕೆಡಿಸುತ್ತವೆ. ಮಾನಸಿಕ ತಜ್ಞರ ಹತ್ತಿರ ಕಳಿಸಿದರೆ ಹಿಂಜರಿಯಬೇಡಿ. ಅಲ್ಲಿಗೆ ಹೋಗುವ ತನಕ ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಸರಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ರಾತ್ರಿ ಮೂರು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಒಮ್ಮೆ ಸುಳಿದರೂ ಅವತ್ತೇ ಆ ನಂಬರಿಗೆ ಫೋನ್ ಮಾಡಿ. ಔಷಧಿ ತಗೊಂಡರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ ಕಂಕನಾಡಿ ಕಡೆ ಕೈ ತೋರಿಸಿ. ಅಲ್ಲಿನ ಅಷ್ಟು ದೊಡ್ಡ ಆಸ್ಪತ್ರೆ ಶುರುವಾದದ್ದು ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಕೊಡುತ್ತಿದ್ದ ಹೋಮಿಯೋಪಥಿ ಔಷಧಿಯಿಂದ. ಅವರು ಪಾದ್ರಿಯೇ ಆಗಿದ್ದರು.

ಎರಡನೆಯದು ನಿಮ್ಮ ಗಂಡ. ಬಾಲಯೇಸುವಿಗೆ ಪ್ರತಿ ಗುರುವಾರ ಹೇಳುವುದನ್ನು ನೀವು ಗಂಡನಿಗೆ ಒಮ್ಮೆಯೂ ಹೇಳಿಲ್ಲ! ಗಲ್ಫ್ ಮನೆಗಳಲ್ಲಿ ಇದು ಮಾಮೂಲು. ಅವರು ಅಲ್ಲಿಂದ ಎಲ್ಲ ಸರಿ ಇದೆ ಅನ್ನುತ್ತಾರೆ, ಇವರು ಇಲ್ಲಿಂದ ಎಲ್ಲ ಸರಿ ಇದೆ ಅನ್ನುತ್ತಾರೆ, ವಿಡಿಯೋ ಕಾಲ್ ಮುಗಿದ ಮೇಲೆ ಇಬ್ಬರಿಗೂ ನಿದ್ದೆ ಇಲ್ಲ. ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತ ಗಲಾತ್ಯದವರಿಗೆ ಪೌಲ ಬರೆದದ್ದು ಗಂಡ ಹೆಂಡತಿಗೂ ಅನ್ವಯಿಸುತ್ತದೆ. ಅವರ ರಜಾದಿನ ನೋಡಿ, ಮಕ್ಕಳು ಪಕ್ಕದಲ್ಲಿ ಇಲ್ಲದಾಗ, ಕಂತು ಎಷ್ಟು, ಉಳಿತಾಯ ಎಷ್ಟು, ಕೆಲಸ ಹೋದರೆ ಎಷ್ಟು ತಿಂಗಳು ತಡೆಯಬಹುದು ಅಂತ ಒಂದು ಕಾಗದದಲ್ಲಿ ಬರೆದು ಮಾತಾಡಿ. ನೀವು ಬ್ಯಾಂಕಿನವರು. ಸಾಲದ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡುವ ದಾರಿಯನ್ನು ಎಷ್ಟೋ ಗ್ರಾಹಕರಿಗೆ ನೀವೇ ಹೇಳಿರುತ್ತೀರಿ. ನಿಮ್ಮ ಸಾಲಕ್ಕೂ ಅದು ಆಗುತ್ತದಾ ಅಂತ ವಿಚಾರಿಸಿ. ಯೇಸು ಪರ್ವತ ಪ್ರಸಂಗದಲ್ಲಿ ನಾಳೆ ಕಷ್ಟವೇ ಇಲ್ಲ ಅಂತ ಎಲ್ಲೂ ಹೇಳಲಿಲ್ಲ. ಇವತ್ತಿನ ಕಷ್ಟ ಇವತ್ತಿಗೆ ಸಾಕು ಅಂದ. ರಾತ್ರಿ ಮೂರು ಗಂಟೆಗೆ ನೀವು ಕ್ಯಾಲ್ಕುಲೇಟರ್ ಹಿಡಿದು ಕೂರುವುದು ಒಂಬತ್ತು ವರ್ಷದ ಕಂತು ಒಂದೇ ರಾತ್ರಿ ಕಟ್ಟಲು ಹೊರಟ ಹಾಗೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಇದಕ್ಕಾ ದೇವರು ನನ್ನನ್ನು ಹುಟ್ಟಿಸಿದ್ದು?

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಪೆನ್ಶನ್ ಅಜ್ಜ. ನೀವು ಅವರನ್ನು ತೊಂದರೆಯ ಪಟ್ಟಿಗೆ ಸೇರಿಸಿದ್ದೀರಿ. ನಾನು ಬೇರೆಯೇ ಯೋಚಿಸಿದೆ. ಬೇರೆ ಕೌಂಟರ್ ಖಾಲಿ ಇದ್ದರೂ ಅವರು ನಿಮ್ಮ ಲೈನಿನಲ್ಲೇ ಯಾಕೆ ನಿಲ್ಲುತ್ತಾರೆ? ಬ್ಯಾಂಕಿಗೆ ಬರುವ ವಯಸ್ಸಾದವರನ್ನು ನೋಡಿದರೆ ಊಹಿಸಬಹುದು. ನಡುಗುವ ಕೈಯಲ್ಲಿ ಹಾಕಿದ ಸಹಿ ಮೊದಲಿನ ಸಹಿಗೆ ಹೊಂದುವುದಿಲ್ಲ. ಚಲನ್‌ನ ಅಕ್ಷರ ಕಾಣುವುದಿಲ್ಲ. ಮಷೀನಿಗೆ ಪಾಸ್‌ಬುಕ್ ಹಾಕಲು ಹೆದರಿಕೆ. ನವೆಂಬರ್ ಬಂದರೆ ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕು, ಬೆರಳು ಸವೆದು ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಆ ಹೊತ್ತಿಗೆ ಗದರದೆ, ಪರವಾಗಿಲ್ಲ ಅಜ್ಜ, ಇಲ್ಲಿ ಒತ್ತಿ ಅನ್ನುವ ಒಬ್ಬರು ಬೇಕು. ಅದು ನೀವು ಅಂತ ಅವರಿಗೆ ಗೊತ್ತಾಗಿದೆ. ನಿಮಗೇ ಗೊತ್ತಾಗಿಲ್ಲ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಹೀಗೇ ಆಗುತ್ತದೆ. ಹಸಿದಿದ್ದೆ, ಊಟ ಕೊಟ್ಟಿರಿ ಅಂತ ರಾಜ ಹೇಳಿದಾಗ, ಆ ಒಳ್ಳೆಯವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಯಾವಾಗ ಸ್ವಾಮೀ, ನಾವು ನಿನ್ನನ್ನು ನೋಡಿಯೇ ಇಲ್ಲವಲ್ಲ ಅನ್ನುತ್ತಾರೆ. ಅವರು ಉದ್ದೇಶ ಹುಡುಕಿಕೊಂಡು ಹೋದವರಲ್ಲ. ಎದುರಿಗೆ ಬಂದವರಿಗೆ ಬೇಕಾದ್ದನ್ನು ಮಾಡಿದವರು.

ನೀವು ಗುರುವಾರ ಹೋಗುವ ಬಿಕರ್ನಕಟ್ಟೆಯ ಪುಣ್ಯಕ್ಷೇತ್ರ ಕಾರ್ಮೆಲ್ ಸನ್ಯಾಸಿ ಸಭೆಯವರದ್ದು. ಅದೇ ಸಭೆಯಲ್ಲಿ 17ನೇ ಶತಮಾನದಲ್ಲಿ ಪ್ಯಾರಿಸಿನ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಪಾದ್ರಿಯಲ್ಲ, ಸಾದಾ ಬ್ರದರ್. ಅಡುಗೆ ಮನೆಗೆ ಹಾಕಿದರು. ಅವರಿಗೆ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಇದು ನನಗೆ ಬಹಳ ಇಷ್ಟವಾದ ವಿಷಯ, ಸಂತನಂಥ ಮನುಷ್ಯನಿಗೂ ತನ್ನ ಡ್ಯೂಟಿ ಬೇಜಾರು! ವರ್ಷಗಟ್ಟಲೆ ಅದನ್ನೇ ಮಾಡಿದರು. ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಜನ ನಾಲ್ಕು ತರ ಕೂಗುವಾಗಲೂ, ಮೊಣಕಾಲೂರಿ ಪ್ರಾರ್ಥಿಸುವಾಗಿನಷ್ಟೇ ಸಮಾಧಾನದಿಂದ ದೇವರ ಜೊತೆ ಇರುತ್ತೇನೆ ಅನ್ನುವ ಮಟ್ಟಕ್ಕೆ ಬಂದರು. ಆಮೇಲೆ ಕಾಲು ನೋವು ಜಾಸ್ತಿಯಾಗಿ ಚಪ್ಪಲಿ ಹೊಲಿಯುವ ಕೆಲಸಕ್ಕೆ ಹಾಕಿದರು. ಅಲ್ಲೂ ಹಾಗೇ ಇದ್ದರು. ನಮ್ಮ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಛಾವಣಿಗಳ ಚಿತ್ರ ಬರೆದ ಇಟಲಿಯ ಆಂಟೋನಿಯೋ ಮೊಸ್ಕೇನಿ ಕೂಡ ಬ್ರದರ್ ಆಗಿಯೇ ಇದ್ದವರು. ಅವರ ಕೈಯಲ್ಲಿದ್ದದ್ದು ಕುಂಚ.

ನಿಮ್ಮ ಕೌಂಟರ್ ಕೆಲಸ ನಾಳೆಯಿಂದ ಖುಷಿ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ತಿಂಗಳ ಕೊನೆಯ ದಿನ ಕ್ಯಾಶ್ ತಾಳೆಯಾಗದಿದ್ದರೆ ಬ್ರದರ್ ಲಾರೆನ್ಸ್ ನೆನಪಾಗುವುದೂ ಇಲ್ಲ. ಆದರೆ ಸೇವೆ ಅಂದರೆ ಎಲ್ಲೋ ದೂರದಲ್ಲಿರುವ ಇನ್ನೊಂದು ಬದುಕು ಅನ್ನುವುದನ್ನು ಬಿಡಿ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವ ಕೈ ಯಾರದ್ದು?

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಚರ್ಚಿನ ಕೆಲಸ ಸ್ವಲ್ಪ ಕಡಿಮೆ ಮಾಡಿ. ಗಾಯನ, ವಾರ್ಡು, ಕೂಟ, ಗುರುವಾರ, ಭಾನುವಾರ. ನಿಮಗೆ ಉಸಿರಾಡಲು ವಾರದಲ್ಲಿ ಯಾವ ದಿನ ಉಳಿಯಿತು? ಹಾಡುವುದು ಇಷ್ಟವಾದರೆ ಗಾಯನ ಇರಲಿ. ಕೂಟಕ್ಕೆ ಆರು ತಿಂಗಳು ರಜೆ ಹೇಳಿ, ಆಂಟಿಯ ಮಾತಿನಿಂದಲೂ ಬಿಡುಗಡೆ. ಭಾನುವಾರ ಊಟವಾದ ಮೇಲೆ ಮಲಗಿ, ಮಕ್ಕಳು ಪಾತ್ರೆ ತೊಳೆಯಲಿ. ವಿಶ್ರಾಂತಿಯ ದಿನವನ್ನು ಪವಿತ್ರವಾಗಿಡು ಅನ್ನುವುದು ಹತ್ತು ಆಜ್ಞೆಗಳಲ್ಲಿ ಒಂದು.

ಬಿಟ್ಟ ಜಾಗದಲ್ಲಿ ಒಂದೇ ಒಂದು ಸಣ್ಣದನ್ನು ಸೇರಿಸಿ. ಮನೆಯಲ್ಲಿ ಸಂಜೆ ತೆರ್ಸ್ (ಜಪಸರದ ಪ್ರಾರ್ಥನೆ) ಆಗಿ, ಮಕ್ಕಳು ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಿ ಓದಲು ಹೋದ ಮೇಲೆ ಐದು ನಿಮಿಷ ಅಲ್ಲೇ ಕೂತುಕೊಳ್ಳಿ. ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮವೇ ಇದು. ಮೊದಲು ಇವತ್ತಿನ ಒಂದು ಒಳ್ಳೆಯದಕ್ಕೆ ಕೃತಜ್ಞತೆ ಹೇಳಿ. ಬೆಳಿಗ್ಗೆಯಿಂದ ಏನೇನಾಯಿತು ಅಂತ ಹಿಂದೆ ತಿರುಗಿ ನೋಡಿ. ಎಲ್ಲಿ ಸಿಡುಕಿದಿರಿ, ಎಲ್ಲಿ ಯಾರಿಗೋ ನಿಮ್ಮಿಂದ ನಿರಾಳವಾಯಿತು. ತಪ್ಪಿಗೆ ಕ್ಷಮೆ ಕೇಳಿ, ನಾಳೆಗೆ ಬೇಕಾದ ಬಲ ಬೇಡಿ, ಎದ್ದುಬಿಡಿ. ಮೊದಲ ವಾರ ಏನೂ ಅನ್ನಿಸದೆ ಇರಬಹುದು. ಬಿಡಬೇಡಿ.

ಡಿಸೆಂಬರಿನಲ್ಲಿ ಗಂಡ ಬರುತ್ತಾರೆ ಅಂತ ಬರೆದಿದ್ದೀರಿ. ಅಷ್ಟರೊಳಗೆ ನಿದ್ದೆ ಸರಿಯಾಗಿ, ಸಾಲದ ಮಾತು ಇಬ್ಬರಲ್ಲೂ ಆಗಿ, ಆಮೇಲೂ ಸೇವೆಯ ಆಸೆ ಗಟ್ಟಿಯಾಗಿಯೇ ಉಳಿದಿದ್ದರೆ ನಿಮ್ಮ ಚರ್ಚಿನ ಫಾದರ್ ಹತ್ತಿರ ಇಬ್ಬರೂ ಕೂತು ಮಾತಾಡಿ. ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾವ್ಲ್ ಸಭೆಯಂಥದ್ದು ನಿಮ್ಮ ಚರ್ಚಿನಲ್ಲಿದ್ದರೆ, ತಿಂಗಳಿಗೊಮ್ಮೆ ಅವರ ಜೊತೆ ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರುವುದರಿಂದ ಶುರು ಮಾಡಬಹುದು. ಬ್ಯಾಂಕಿನ ರಜೆಯ ಶನಿವಾರ ಸಾಕಾಗುತ್ತದೆ.